ಅವ್ವ ಕೇಳಿದ ಯಾಸೀನ್

ಅವ್ವ ಪುಣೆಗೆ ಬಂದದ್ದು ಆಸ್ಪತ್ರೆಗೆಂದು. ಗುಂಡಿಗೆ ದಣಿದಿದೆ, ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಯಲ್ಲೇ ಆರಾಮಾಗಿ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದಾಗ ಅವಳಿಗೆ ತಿರುಗಿ ಊರಿಗೆ ಹೋಗುವಷ್ಟು ಶಕ್ತಿ ಉಳಿದಿರಲಿಲ್ಲ. ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲೇ ಮಂಚ ಹಾಕಿದೆವು. ಊಟ ಬೇಡ, ಟಿವಿ ಬೇಡ, ಮಾತಾಡಿಸುವವರೂ ಬೇಡ. ಅವಳು ಕೇಳಿದ್ದು ಒಂದೇ: ದಿನಾ ಮಧ್ಯಾಹ್ನ ಇಳಿದ ಮೇಲೆ, ಅಸರ್ ನಮಾಜು ಮುಗಿಸಿ, ನಾನು ಪಕ್ಕದಲ್ಲಿ ಕೂತು ಯಾಸೀನ್ ಓದಬೇಕು. ಹೊರಟುನಿಂತವರ ತಲೆದೆಸೆಯಲ್ಲಿ ಕುರಾನಿನ ಆ ಅಧ್ಯಾಯ ಓದುವುದು ನಮ್ಮಲ್ಲಿ ರೂಢಿ. ಜೀವ ಸಲೀಸಾಗಿ ಹೋಗುತ್ತದೆ ಎಂದು ನಂಬಿಕೆ.

ಸಂಕಟದ ನಡುವೆಯೂ ನನಗೆ ಒಳಗೊಳಗೇ ಜಂಬ. ಎರಡು ವರ್ಷದಿಂದ ನಾನು ತಜವೀದ್ ಕಲಿಯುತ್ತಿದ್ದೆ. ಅಂದರೆ ಕುರಾನನ್ನು ತಪ್ಪಿಲ್ಲದೆ ಓದುವ ವಿದ್ಯೆ. ಕಲಿತದ್ದು ಅವ್ವನ ಉಪಯೋಗಕ್ಕೆ ಬರುತ್ತದಲ್ಲ ಎಂದು ಮೊದಲ ದಿನ ಕೈಕಾಲು ಮುಖ ತೊಳೆದು ವುಜೂ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತು ಓದಿದೆ. ಗಂಟಲಿನ ಆಳದಿಂದ ಬರಬೇಕಾದ ಅಕ್ಷರ ಆಳದಿಂದಲೇ ಬಂತು. ಎಳೆಯಬೇಕಾದದ್ದನ್ನು ಎಷ್ಟು ಬೇಕೋ ಅಷ್ಟೇ ಎಳೆದೆ. ಮುಗಿಸಿ, ಶಭಾಷ್ ಅನ್ನುತ್ತಾಳೆಂದು ಮುಖ ನೋಡಿದರೆ ಅವ್ವ ಫ್ಯಾನಿನ ಕಡೆ ನೋಡುತ್ತಿದ್ದಳು.

"ಇದ್ಯಾರ ಮನಿ ಓದಿಕಿ?" ಅಂದಳು. "ಯಾಸೀನ್ ಓದು ಅಂದ್ರ ಏನೇನೋ ಓದಿದಿ."

ಇದೇ ಯಾಸೀನ್ ಬೇ ಅಂದೆ. ಅಕ್ಷರ ಓದಲು ಬಾರದಿದ್ದರೂ ಅವಳಿಗೆ ಯಾಸೀನ್ ಆದಿಯಿಂದ ಅಂತ್ಯದವರೆಗೆ ಕಿವಿಯಲ್ಲಿತ್ತು.

"ನನಗೇನ್ ಗೊತ್ತಿಲ್ಲೇನು? ನಿಮ್ಮಪ್ಪ ಓದಿದಂಗ ಓದು."

ನಾವು ಪಿಂಜಾರರು. ನವಲಗುಂದದ ಕಡೆಯ ಎರೆಹೊಲದ ಹಳ್ಳಿಯವರು, ಮನೆಮಾತು ಕನ್ನಡ. ಇದನ್ನು ಪುಣೆಯಲ್ಲಿ ಹೇಳಿದರೆ ಜನ ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ಮುಸಲ್ಮಾನರ ಮನೆಯಲ್ಲಿ ಕನ್ನಡ ಹೇಗೆ ಎಂದು ಮರಾಠಿಯವರು ಕೇಳಿದರೆ ನಗು ಬರುತ್ತದೆ. ನಮ್ಮವರೇ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಹೆಗಲಿಗೆ ಹಿಂಜುವ ಬಿಲ್ಲು ಹಾಕಿಕೊಂಡು ಊರೂರು ತಿರುಗಿ ಬಂದವನೇ, ಊರಿನ ಸಣ್ಣ ಮಸೀದಿಯಲ್ಲಿ ನಮಾಜಿಗೆ ಮುಂದೆ ನಿಲ್ಲುತ್ತಿದ್ದ. ಮಗು ಹುಟ್ಟಿದರೂ, ಮುದುಕರು ಹೋದರೂ ಓದಲು ಅವನನ್ನೇ ಕರೆಯುತ್ತಿದ್ದರು. ಅವನಿಗೆ ಕಲಿಸಿದವನು ಊರೂರು ಅಲೆಯುವ ಒಬ್ಬ ಮುಲ್ಲಾ. ಉಳಿದದ್ದನ್ನು ಕನ್ನಡ ಅಕ್ಷರದಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಕದಿಂದ ಕಲಿತಿದ್ದ. ಅರಬ್ಬಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಾಲ್ಕು ಅಕ್ಷರಗಳು ಆ ಪುಸ್ತಕದಲ್ಲಿ ಒಂದೇ 'ಜ' ಆಗಿ ಕೂತಿರುತ್ತಿದ್ದವು. ನಾನು ಕಲಿತದ್ದು ಅಪ್ಪನ ಬಾಯಿಂದ. ಊರಿನ ಮಕ್ಕಳೆಲ್ಲ ಕಲಿತದ್ದೂ ಹಾಗೇ.

ಪುಣೆಗೆ ಬಂದು, ಮಕ್ಕಳು ದೊಡ್ಡವರಾಗಿ, ಕೈಯಲ್ಲಿ ಒಂದಿಷ್ಟು ಹೊತ್ತು ಉಳಿಯತೊಡಗಿದ ಮೇಲೆ ಪಕ್ಕದ ಬಿಲ್ಡಿಂಗಿನ ಹೆಂಗಸರ ಕ್ಲಾಸಿಗೆ ಸೇರಿದೆ. ಕಲಿಸುವ ಆಪಾ, ಎಂದರೆ ಅಕ್ಕ, ನನಗಿಂತ ಬಹಳ ಚಿಕ್ಕವಳು, ಆದರೆ ಅವಳೆದುರು ಕೂತರೆ ನಾನು ಒಂದನೇ ಇಯತ್ತೆಯ ಹುಡುಗಿ. ನಾನು ಮೊದಲ ದಿನ ಬಾಯಿ ತೆಗೆದದ್ದೇ ತಡ, ಹುಡುಗಿಯರು ದುಪಟ್ಟಾದ ಮರೆಯಲ್ಲಿ ಕಿಸಿಕಿಸಿ ನಕ್ಕರು. ಕಾನಡಿ ಆಂಟಿ ಎಂದು ಹೆಸರೂ ಬಿತ್ತು. ಆಪಾ ಮಾತ್ರ ನಗಲಿಲ್ಲ. ತಪ್ಪಿದಲ್ಲಿ ತೋರುಬೆರಳು ಎತ್ತುವುದು ಅವಳ ಪದ್ಧತಿ. ನಾನು ಓದುವಾಗ ಆ ಬೆರಳು ಕೆಳಗೆ ಇಳಿದದ್ದೇ ಅಪರೂಪ.

ವ್ಯಾಕರಣ ಶುರುವಾದಾಗ ಮಾತ್ರ ನನ್ನ ಕಾಲ ಬಂತು. ಅರಬ್ಬಿಯಲ್ಲಿ ಪದದ ಕೊನೆಯ ಸ್ವರ ಬದಲಾದರೆ ಹೊಡೆದವರು ಯಾರು, ಹೊಡೆಸಿಕೊಂಡವರು ಯಾರು ಎಂಬುದೇ ತಿರುಗುಮುರುಗಾಗುತ್ತದೆ. ಉರ್ದು ಬಲ್ಲ ಹುಡುಗಿಯರಿಗೆ ಇದು ತಲೆಗೇ ಹೋಗಲೊಲ್ಲದು. ಕನ್ನಡ ಸಾಲೆಯಲ್ಲಿ ಉ, ಅನ್ನು, ಇಂದ, ಗೆ ಎಂದು ಒದರಿ ಒದರಿ ಬೆಳೆದ ನನಗೆ ಅದೇನು ಮಹಾ! ಪ್ರಥಮಾ, ದ್ವಿತೀಯಾ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಪಟಪಟನೆ ಉತ್ತರ ಕೊಟ್ಟೆ. ನಕ್ಕವರೆಲ್ಲ ಅಭ್ಯಾಸ ಹೇಳಿಸಿಕೊಳ್ಳಲು ನನ್ನ ಹತ್ತಿರ ಬರತೊಡಗಿದರು. ಚಹಾ ಕೊಟ್ಟೆ, ಹೇಳಿಯೂ ಕೊಟ್ಟೆ, ಆದರೆ ಮೊದಲು ಸ್ವಲ್ಪ ಕಾಡಿಸಿದೆ.

ನನ್ನ ಎದೆ ಝಲ್ಲೆಂದದ್ದು ನಿಲುಗಡೆಯ ಪಾಠದಲ್ಲಿ. ಓದುವಾಗ ಎಲ್ಲೆಂದರಲ್ಲಿ ಉಸಿರು ಬಿಡುವಂತಿಲ್ಲ. 'ಅವನು ಕಳ್ಳನಲ್ಲ' ಎನ್ನುವಾಗ 'ಅವನು ಕಳ್ಳ' ಎಂಬಲ್ಲಿ ನಿಂತುಬಿಟ್ಟರೆ ಏನಾದೀತು, ಹಾಗೆ. ಆಪಾ ಯಾಸೀನಿನ ಒಂದು ಉದ್ದ ವಾಕ್ಯ ತೆಗೆದು, ಇದರ ನಡುವೆ ನಿಂತರೆ ಅರ್ಥ ಪೂರ್ತಿ ಕೆಡುತ್ತದೆ, ತಿಳಿದೂ ನಿಂತರೆ ಪಾಪ ಎಂದಳು. ಅಪ್ಪ ನಿಲ್ಲುತ್ತಿದ್ದದ್ದು ಸರಿಯಾಗಿ ಅಲ್ಲೇ. ನಿಂತು, ಉಸಿರು ಬಿಟ್ಟು, ಹಿಂದಿನದನ್ನು ಕೂಡಿಸಿಕೊಳ್ಳದೆ ಮುಂದಿನ ಮಾತಿನಿಂದ ಶುರು ಮಾಡುತ್ತಿದ್ದ. ಅವನ ಹಿಂದೆ ನಾವೂ ಹಾಗೇ. ಊರಿಗೆ ಊರೇ ಅಲ್ಲಿ ನಿಂತು ಉಸಿರು ಬಿಡುತ್ತಿತ್ತು. ಆ ದಿನ ಮನೆಗೆ ಬಂದು ಅತ್ತುಬಿಟ್ಟೆ. ಅಪ್ಪನ ಮೇಲೆ ಸಿಟ್ಟು ಬಂತು. ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕಿತ್ತು, ಅಷ್ಟು ಜನರಿಗೆ ಯಾಕೆ ಕಲಿಸಬೇಕಿತ್ತು ಎಂದು ನಾಚಿಕೆಯೂ ಆಯಿತು. ತಿಂಗಳುಗಟ್ಟಲೆ ಒದ್ದಾಡಿ ಆ ನಿಲುಗಡೆಯನ್ನು ಬಾಯಿಂದ ಕಿತ್ತುಹಾಕಿದೆ.

ಈಗ ಅವ್ವ ಅದನ್ನೇ ಕೇಳುತ್ತಿದ್ದಳು.

ಎರಡನೆಯ ದಿನ ಅವಳನ್ನು ಯಾಮಾರಿಸಲು ನೋಡಿದೆ. ಅಕ್ಷರಗಳನ್ನು ಸ್ವಲ್ಪ ಮೆತ್ತಗೆ ಮಾಡಿ, ಅಪ್ಪನ ಧಾಟಿಯಂಥ ಒಂದು ಧಾಟಿ ಹಿಡಿದು ಓದಿದೆ, ಆದರೆ ಆ ಉದ್ದ ವಾಕ್ಯವನ್ನು ಮಾತ್ರ ನಿಲ್ಲದೆ ದಾಟಿಸಿದೆ. ಕಳ್ಳಾಟ ಆಡಬ್ಯಾಡ ಅಂದಳು. ಅದರ ಮರುದಿನ ನಾನು ಪಕ್ಕದಲ್ಲಿ ಕೂರುತ್ತಲೇ ಗೋಡೆಯ ಕಡೆ ಹೊರಳಿದಳು.

"ಬ್ಯಾಡ ಬಿಡು ಯವ್ವಾ. ಓದಿಸಿಕೊಳ್ಳದನ ಹೋಗ್ತೀನಿ."

ಸಿಟ್ಟಿನಲ್ಲಿ ಅಂದಿದ್ದರೆ ನಾನೂ ಸಿಟ್ಟು ಮಾಡಿ ಗೆಲ್ಲಬಹುದಿತ್ತು. ಅವಳು ಸಮಾಧಾನವಾಗಿ ಅಂದಳು. ಯಾಸೀನ್ ಕೇಳದೆ ನನ್ನ ಅವ್ವ ಹೋಗುತ್ತಾಳೆ, ಅದೂ ಮಗಳು ಓದಲು ಕಲಿತಳು ಎಂಬ ಕಾರಣಕ್ಕೆ! ಬೇರೆ ಯಾರನ್ನಾದರೂ ಕರೆಸಲೇ ಎಂದರೆ ಅದಕ್ಕೂ ಒಲ್ಲೆ ಅಂದಳು.

ನನ್ನ ಯಜಮಾನರಿಗೆ ಗುಲಟೇಕಡಿಯಲ್ಲಿ, ಮಾರ್ಕೆಟ್ ಯಾರ್ಡಿನ ಮಗ್ಗುಲಿಗೆ ಗಾದಿ ಅಂಗಡಿ. ಅವರಿಗೆ ಇದೆಲ್ಲ ಒಂದು ಸಮಸ್ಯೆಯೇ ಅಲ್ಲ. ಅಲ್ಲಾಹನಿಗೆ ಕನ್ನಡದ ಬಾಯಿ ಗೊತ್ತಾಗುವುದಿಲ್ಲವೇನು, ಮುದುಕಿ ಕೇಳಿದ ಹಾಗೆ ಓದಿಬಿಡು ಎಂದು ಅನ್ನ ಕಲಸುತ್ತ ಹೇಳಿದರು. ಪಾಪ ಬಂದರೆ ಹೊರುವವಳು ನಾನಲ್ಲವೇ ಎಂದು ತಟ್ಟೆ ಕುಕ್ಕಿದೆ. ಅವರು ಊಟ ಮುಗಿಸಿ ಅಂಗಡಿಗೆ ಹೋದರು.

ಕಡೆಗೆ ಆಪಾಳನ್ನೇ ಕೇಳಿದೆ. ಅವಳು ಅವಸರ ಮಾಡಲಿಲ್ಲ, ಪೂರ್ತಿ ಕೇಳಿಸಿಕೊಂಡಳು. ತಿಳಿಯದೆ ತಪ್ಪುವವರ ಲೆಕ್ಕ ಬೇರೆ, ನಿಮ್ಮ ತಂದೆಯವರ ಬಗ್ಗೆ ನಾನೇನೂ ಅನ್ನುವುದಿಲ್ಲ ಎಂದಳು. ಉಸಿರು ಮುಗಿದುಹೋದರೆ ಯಾರೇ ಆಗಲಿ ಎಲ್ಲಾದರೂ ನಿಲ್ಲಬಹುದು, ಮತ್ತೆ ಎರಡು ಮಾತು ಹಿಂದಕ್ಕೆ ಹೋಗಿ ಕೂಡಿಸಿ ಓದಿದರಾಯಿತು. ಆದರೆ ನಿಮಗೆ ಅರ್ಥ ಗೊತ್ತು, ಉಸಿರೂ ಇದೆ. ಬೇಕೆಂದೇ ಅಲ್ಲಿ ನಿಲ್ಲುವುದಕ್ಕೆ ನಾನು ಹೂಂ ಅನ್ನಲಾರೆ. ಇಷ್ಟು ಹೇಳುವಾಗ ಅವಳ ದನಿಯೂ ಸಣ್ಣಗಾಗಿತ್ತು. ಅತ್ತ ದರಿ ಇತ್ತ ಪುಲಿ ಎಂದು ಮನೆಗೆ ಬಂದೆ.

ಬಂದು ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅಪ್ಪನ ಹಾಗೆ ಓದಿ ನೋಡಿದೆ. ಬರಲಿಲ್ಲ. ಒಂದೆಡೆ ಅಪ್ಪನ 'ಜ' ಹಿಡಿದರೆ ಇನ್ನೊಂದೆಡೆ ಆಪಾಳ ಅಕ್ಷರ ನುಗ್ಗುತ್ತಿತ್ತು. ಎರಡು ವರ್ಷ ತಿಕ್ಕಿ ತಿಕ್ಕಿ ತೊಳೆದ ಪಾತ್ರೆಗೆ ಹಳೆಯ ಮಸಿ ಎಲ್ಲಿಂದ ತರಲಿ? ಅಪ್ಪನ ಓದು ಯಾರ ಫೋನಿನಲ್ಲಾದರೂ ಇದೆಯೇ ಎಂದು ಊರಿಗೆ ಫೋನು ಮಾಡಿ ಕೇಳಿದೆ. ಆತ ಹೋದಾಗ ನಮ್ಮ ಊರಿನಲ್ಲಿ ದನಿ ಹಿಡಿದಿಡುವಂಥ ಫೋನೇ ಯಾರ ಹತ್ತಿರವೂ ಇರಲಿಲ್ಲ ಎಂದರು.

ಅಷ್ಟರಲ್ಲಿ ಅವ್ವ ಇಳಿಯುತ್ತ ಹೋದಳು. ಕಾಲು ಬಾತವು. ಗಂಜಿಯೂ ಎರಡು ಚಮಚೆಯ ಮೇಲೆ ಸೇರದಾಯಿತು. ದಿಂಬಿಗೆ ಒರಗಿಸಿ ಕೂರಿಸಿದರೆ ಮಾತ್ರ ಉಸಿರಾಡುತ್ತಿದ್ದಳು. ದಿನಾ ಅಸರ್ ಹೊತ್ತಿಗೆ ನಾನು ಕುರಾನ್ ಹಿಡಿದು ಮಂಚದ ಹತ್ತಿರ ಹೋಗುತ್ತಿದ್ದೆ, ಅವಳು ಕಣ್ಣು ಮುಚ್ಚುತ್ತಿದ್ದಳು, ನಾನು ಮುಚ್ಚಿದ ಕುರಾನ್ ಹಿಡಿದು ಕೂತು ಎದ್ದು ಬರುತ್ತಿದ್ದೆ. ಇವತ್ತು ಹೋದಳು, ನಾಳೆ ಹೋದಳು ಎಂಬ ಭಯದಲ್ಲಿ ನನಗೆ ನಿದ್ದೆ ಅನ್ನುವುದೇ ಇರಲಿಲ್ಲ.

ಕಾಯಿಲೆಯವರ ಮನೆಗೆ ಹೋಗಿ ಎಲ್ಲರೂ ಕೂಡಿ ಓದುವುದು ನಮ್ಮ ಕ್ಲಾಸಿನ ಪದ್ಧತಿ. ಶುಕ್ರವಾರ ಬರುತ್ತೇವೆ ಎಂದು ಅವರಾಗಿಯೇ ಹೇಳಿದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಜಮಖಾನೆ ಹಾಸಿದೆ. ಹೆಂಗಸರು ಬಂದು ಮಂಚದ ಸುತ್ತ ಕೂತರು, ಆಪಾ ತಲೆದೆಸೆಯ ಕುರ್ಚಿಯಲ್ಲಿ. ಅವ್ವ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದಳು. ಶುರು ಮಾಡುವ ಹಕ್ಕು ಮಗಳದು, ನೀವೇ ಓದಿ ಎಂದು ಆಪಾ ನನಗೆ ಹೇಳಿದಳು. ಅವ್ವ ನಿದ್ದೆಯಲ್ಲಿರಲಿ ದೇವರೇ ಎಂದು ಬೇಡಿಕೊಂಡು ಶುರು ಮಾಡಿದೆ.

ಓದುತ್ತ ಓದುತ್ತ ಆ ಉದ್ದ ವಾಕ್ಯ ಬಂತು. ದೊಡ್ಡ ಉಸಿರು ಎಳೆದುಕೊಂಡು ಒಂದೇ ಓಟಕ್ಕೆ ದಾಟಿದೆ. ದಾಟುತ್ತಿದ್ದಂತೆ ಅವ್ವನ ಕೈ ಮಂಚದ ಪಟ್ಟಿಗೆ ಬಡಿಯಿತು.

"ಅಲ್ಲೆ ನಿಲ್ಲಬೇಕಿತ್ತು," ಅಂದಳು.

ನಾನು ಓದು ನಿಲ್ಲಿಸಿದೆ. ಏನನ್ನುತ್ತಿದ್ದಾರೆ ಎಂದು ಆಪಾ ನನ್ನ ಮುಖ ನೋಡಿದಳು. ಅಲ್ಲಿ ಕನ್ನಡ ಬಲ್ಲವರು ನಾನು, ಅವ್ವ ಇಬ್ಬರೇ. ನೀರು ಕೇಳುತ್ತಿದ್ದಾಳೆ ಎಂದರೆ ಮುಗಿದುಹೋಗುತ್ತಿತ್ತು. ಒಬ್ಬ ಹುಡುಗಿ ಆಗಲೇ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಎಲ್ಲರ ಕಣ್ಣೂ ನನ್ನ ಮೇಲೆ. ಅಪ್ಪನ ತಪ್ಪನ್ನು ಇಷ್ಟು ಜನರ ಮುಂದೆ ಬಿಚ್ಚಿಡಬೇಕಲ್ಲ ಎಂದು ಕಿವಿ ಬಿಸಿಯಾಯಿತು. ಆದರೂ ಇದ್ದದ್ದನ್ನೇ ಹೇಳಿದೆ: ನಮ್ಮಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲು ಅನ್ನುತ್ತಿದ್ದಾಳೆ. ಅಲ್ಲೇ ಯಾಕೆ, ಕೇಳಿ ನೋಡಿ ಎಂದಳು ಆಪಾ.

ಅಷ್ಟು ದಿನದ ಹೆದರಿಕೆ, ನಿದ್ದೆಗೇಡು, ನಾಚಿಕೆ ಎಲ್ಲ ಕೂಡಿ ನನ್ನ ದನಿ ಏರಿತು. ಸಾಯುತ್ತಿರುವ ಅವ್ವನ ಮೇಲೆ ರೇಗಿದೆ.

"ಅಲ್ಲೆ ಯಾಕ ನಿಲ್ಲಬೇಕು ಬೇ? ಅಲ್ಲೆ ನಿಂತ್ರ ತಪ್ಪಾಗತೈತಿ. ಅಪ್ಪಗ ಗೊತ್ತಿರಲಿಲ್ಲ."

ಅವ್ವ ಕಣ್ಣು ತೆರೆದಳು.

"ಗೊತ್ತಿರಲಿಲ್ಲ ಅಂತ ಯಾರ ಹೇಳಿದ್ರು ನಿನಗ?" ಅಂದಳು. ಸ್ವಲ್ಪ ಸುಧಾರಿಸಿಕೊಂಡಳು. "ಅಂವಗ ಅಲ್ಲೆ ದಮ್ಮ ಹತ್ತತಿತ್ತು. ಎದಿ ತುಂಬ ಹತ್ತಿ ಧೂಳ."

ಅವಳು ಒಂದೊಂದೇ ಮಾತು ಎತ್ತಿಡುತ್ತ ಹೇಳಿದಳು. ಮದುವೆಯಾದ ಹೊಸದರಲ್ಲಿ ಅಪ್ಪ ಆ ವಾಕ್ಯವನ್ನು ಒಂದೇ ಉಸಿರಿನಲ್ಲಿ ಓದುತ್ತಿದ್ದನಂತೆ. ಮಕ್ಕಳಾಗುವ ಹೊತ್ತಿಗೆ ಆಗದಾಯಿತು. ಮೊದಮೊದಲು ನಿಂತು, ಹಿಂದಕ್ಕೆ ಹೋಗಿ, ಕೂಡಿಸಿ ಓದುತ್ತಿದ್ದನಂತೆ. ಆಮೇಲೆ ಹಿಂದಕ್ಕೆ ಹೋಗುವುದಕ್ಕೂ ದಮ್ಮು ಸಾಲದಾಯಿತು. ನಮಾಜಿಗೆ ಮುಂದೆ ನಿಲ್ಲುವುದನ್ನು ಬಿಟ್ಟುಬಿಡು ಎಂದು ಇವಳು ಹೇಳಿದರೆ, ಊರಿನಲ್ಲಿ ಓದುವವರು ಬೇರೆ ಯಾರಿದ್ದಾರೆ ಎಂದು ಕೇಳಿದ್ದನಂತೆ.

"ಅಲ್ಲೆ ಉಸರ ಬಿಟ್ಟಾಗೆಲ್ಲ ನನಗ ಹೆದರಿಕಿ," ಅಂದಳು. "ಮುಂದಿನ ಮಾತ ಬರತೈತೋ ಇಲ್ಲೋ ಅಂತ ಮಸೀದಿ ಗ್ವಾಡಿ ಈಚೆ ನಿಂತ ಕೇಳತಿದ್ದೆ. ಬರತಿತ್ತು."

ನಾವು ಮಕ್ಕಳು ಕಲಿತದ್ದು ಅಪ್ಪನ ಎದೆಯ ರೋಗವನ್ನು. ಅವನಿಗೆ ಉಸಿರು ಸಾಲದೆ ನಿಂತ ಜಾಗವನ್ನು ಕುರಾನಿನ ನಿಲುಗಡೆಯೇ ಎಂದುಕೊಂಡು, ಗಟ್ಟಿ ಎದೆಯ ಮಕ್ಕಳೆಲ್ಲ ಸಾಲಾಗಿ ನಿಂತು ಉಸಿರು ಬಿಡುತ್ತಿದ್ದೆವು. ಅವನು ನಮ್ಮನ್ನು ಯಾಕೆ ತಿದ್ದಲಿಲ್ಲವೋ ಗೊತ್ತಿಲ್ಲ. ತಿದ್ದಬೇಕಾದರೆ ತಾನೇ ಒಮ್ಮೆ ಪೂರ್ತಿ ಓದಿ ತೋರಿಸಬೇಕಿತ್ತಲ್ಲ. ಅವನ ಮೇಲೆ ನಾನು ಸಿಟ್ಟು ಮಾಡಿದ್ದೆ, ನಾಚಿಕೊಂಡಿದ್ದೆ. ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತೆ.

ಆಪಾ ಮತ್ತೆ ಕೇಳಿದಳು, ಮೆಲ್ಲಗೆ. ಎಲ್ಲವನ್ನೂ ಉರ್ದುವಿಗೆ ತರುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ತಂದೆಯವರಿಗೆ ಅಲ್ಲಿ ಉಸಿರು ಸಾಲುತ್ತಿರಲಿಲ್ಲವಂತೆ ಎಂದಷ್ಟೇ ಹೇಳಿದೆ. ಅವಳು ತೊಡೆಯ ಮೇಲಿನ ತನ್ನ ಕುರಾನಿನ ಕಡೆ ತಲೆ ಬಗ್ಗಿಸಿದಳು. ಓದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವಳು ಒಂದು ಮಾತು ಹೇಳಿಬಿಟ್ಟರೆ ಸಾಕು ಎಂದು ಸ್ವಲ್ಪ ಹೊತ್ತು ಕಾದೆ. ಹೇಳಲಿಲ್ಲ. ಇದು ನನ್ನ ಪಾಲಿನದೇ ಎಂದು ತಿಳಿಯಿತು.

ಮುಖ ಒರೆಸಿಕೊಂಡು ಸ್ವಲ್ಪ ಹಿಂದಿನಿಂದ ಮತ್ತೆ ತೆಗೆದೆ. ಅಕ್ಷರಗಳು ಆಪಾ ಕಲಿಸಿದ ಹಾಗೇ ಬಂದವು. ಅವನ್ನು ಬದಲಿಸಲು ಹೋಗಲಿಲ್ಲ, ಬದಲಿಸಲು ಬರುತ್ತಲೂ ಇರಲಿಲ್ಲ. ಆ ವಾಕ್ಯ ಹತ್ತಿರ ಬಂತು. ವಾಕ್ಯ ಶುರುವಾಯಿತು. ಅರ್ಧಕ್ಕೆ ಬಂದೆ. ಕೊನೆಯವರೆಗೆ ಹೋಗಿ ಇನ್ನೂ ಮಿಗುವಷ್ಟು ಉಸಿರು ನನ್ನಲ್ಲಿತ್ತು. ನಿಂತೆ. ಉಸಿರು ಬಿಟ್ಟೆ.

ಅವ್ವ ಮುಖವನ್ನು ನನ್ನ ಕಡೆ ಹೊರಳಿಸಿ ಕಾಯುತ್ತಿದ್ದಳು. ಆ ಮುಖದಲ್ಲಿ ನಿಜವಾದ ಹೆದರಿಕೆಯಿತ್ತು. ನಾನು ಹಿಂದಕ್ಕೆ ಹೋಗಲಿಲ್ಲ. ಅಪ್ಪ ಮಾಡುತ್ತಿದ್ದ ಹಾಗೆ ಮುಂದಿನ ಮಾತಿನಿಂದ ಎತ್ತಿಕೊಂಡೆ. ಅವ್ವ ಹಾಂ ಅಂದಳು. ಕಣ್ಣು ಮುಚ್ಚಿದಳು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಪುಟಗಳಿಗೆ ಮರಳಿದರು.

ಆಮೇಲಿನ ದಿನಗಳಲ್ಲಿ ಹಾಗೆಯೇ ಓದಿದೆ. ಪಾಪವೋ ಅಲ್ಲವೋ ಎಂದು ಯಾರನ್ನೂ ಮತ್ತೆ ಕೇಳಲಿಲ್ಲ. ಓದುವ ಮೊದಲು ದೇವರ ಹತ್ತಿರ ಕ್ಷಮೆ ಕೇಳಿ, ಓದಿದ ಮೇಲೆ ಇನ್ನೊಮ್ಮೆ ಕೇಳುತ್ತಿದ್ದೆ. ಹೆದರಿಕೆ ಹೋಗಲಿಲ್ಲ. ಅವ್ವ ಮಾತ್ರ ಓದು ಮುಗಿಯುವುದರೊಳಗೆ ನಿದ್ದೆ ಹೋಗಿರುತ್ತಿದ್ದಳು.

ಅವಳು ಹೋದದ್ದು ಒಂದು ಬೆಳಗ್ಗೆ, ಹಾಲಿನ ಪಾಕೀಟು ಕಾಯಿಸಲು ನಾನು ಒಳಗೆ ಹೋಗಿದ್ದಾಗ. ಸಲೀಸಾಗಿಯೇ ಹೋಗಿದ್ದಳು. ಆಪಾ ಮತ್ತು ಇಬ್ಬರು ಹೆಂಗಸರು ಬಂದು ನನ್ನ ಜೊತೆ ನಿಂತು ಸ್ನಾನ ಮಾಡಿಸಿದರು. ಕಫನ್ನಿನ ಬಿಳಿ ಬಟ್ಟೆ ಹೊದಿಸಿದ ಮೇಲೆ ಪಕ್ಕದಲ್ಲಿ ಕೂತು ಯಾಸೀನ್ ತೆಗೆದೆ. ಆ ಉದ್ದ ವಾಕ್ಯ ಬಂತು. ಅಲ್ಲಿ ನಿಲ್ಲು ಅನ್ನುವವರು ಇರಲಿಲ್ಲ, ಮುಂದಿನ ಮಾತು ಬರುತ್ತದೋ ಇಲ್ಲವೋ ಎಂದು ಕಾಯುವವರೂ ಇರಲಿಲ್ಲ. ಒಂದೇ ಉಸಿರಿನಲ್ಲಿ, ಸರಿಯಾಗಿ, ಓದಿ ಮುಗಿಸಿದೆ.